ಅರ್ಧ ಸಾರಿಸಿದ ನೆಲ

ನಾನು ಚಿಕ್ಕವಳಿದ್ದಾಗ ನಮ್ಮೂರ ಶಾಲೆಯ ನೆಲ ಮಣ್ಣಿನದಾಗಿತ್ತು. ಮಕ್ಕಳೇ, ಈ ಮಾತನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ನಾನು ಹೇಳಹೊರಟಿರುವ ಶನಿವಾರದ ಜಗಳವೆಲ್ಲ ನಡೆದದ್ದು ಆ ನೆಲದ ಮೇಲೆ, ಆ ನೆಲಕ್ಕಾಗಿ. ಅಜ್ಜಿಗೆ ವಯಸ್ಸಾಯಿತು, ಹಳೆಯದನ್ನೆಲ್ಲ ಮರೆತಿರುತ್ತಾಳೆ ಎಂದು ನಿಮ್ಮಲ್ಲಿ ಯಾರಾದರೂ ಅಂದುಕೊಂಡಿದ್ದರೆ ಆ ಎಣಿಕೆಯನ್ನು ಬಿಟ್ಟುಬಿಡಿ. ಕನ್ನಡಕ ಎಲ್ಲಿಟ್ಟೆನೆಂಬುದು ನನಗೆ ಮರೆಯುತ್ತದೆ; ಯಾರು, ಯಾವ ದನಿಯಲ್ಲಿ, ಏನು ಅಂದರೆಂಬುದು ಮರೆಯುವುದಿಲ್ಲ. ಈ ಸಂಗತಿಯನ್ನು ಇವತ್ತೇ ಹೇಳುವುದಕ್ಕೆ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೆಟ್ಟದಪುರದ ಬೆಟ್ಟ ಹೊಸಿಲಿನಿಂದಲೇ ಕಾಣುವಂಥ ಊರು ನಮ್ಮದು. ನಮ್ಮ ರಾಜ್ಯಕ್ಕೆ ಆಗ ಇನ್ನೂ ಕರ್ನಾಟಕವೆಂಬ ಹೆಸರು ಬಂದಿರಲಿಲ್ಲ. ಊರ ಸುತ್ತ ರಾಗಿಯ ಹೊಲ, ಹೊಗೆಸೊಪ್ಪಿನ ಹೊಲ. ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದಗೊಳಿಸುವ ಎತ್ತರದ ಮಣ್ಣುಮನೆಗಳಿಗೆ ಬ್ಯಾರನ್ ಎನ್ನುತ್ತಿದ್ದರು. ಆ ಕಾಲ ಬಂತೆಂದರೆ ಊರಿಗೆ ಊರೇ ಬೆಲ್ಲ ಸೀದಂಥ ಒಂದು ಘಾಟುವಾಸನೆಯಲ್ಲಿ ಮುಳುಗಿರುತ್ತಿತ್ತು. ನಾವು ಉಟ್ಟ ಲಂಗಕ್ಕೂ, ಹೆಣೆದ ಜಡೆಗೂ, ತಿನ್ನುವ ರೊಟ್ಟಿಗೂ ಅದೇ ವಾಸನೆ.

ಶಾಲೆಯೆಂದರೆ ಹೆಂಚು ಹೊದಿಸಿದ ಒಂದು ಉದ್ದನೆಯ ಹಜಾರ. ನಡುವೆ ಎರಡು ಮರದ ಕಂಬ, ಒಂದು ತುದಿಯಲ್ಲಿ ಬಾಗಿಲು, ಇನ್ನೊಂದು ತುದಿಯಲ್ಲಿ ಮೇಷ್ಟ್ರ ಮೇಜು. ದೊಡ್ಡ ತರಗತಿಗಳೆಲ್ಲ ಅಲ್ಲೇ ನಡೆಯುತ್ತಿದ್ದವು. ನಾನು ಐದನೆಯ ತರಗತಿ, ಅಕ್ಕ ಏಳನೆಯದು. ಕಂಬಗಳಿಂದಾಚೆ, ಮೇಜಿಗೂ ಕಿಟಕಿಯ ಬೆಳಕಿಗೂ ಹತ್ತಿರದ ಒಳ ಅರ್ಧ ಗಂಡುಹುಡುಗರದು. ಅವರಿಗೆ ಕೂರಲು ಉದ್ದುದ್ದ ಮಣೆಗಳಿದ್ದವು. ಕಂಬಗಳಿಂದೀಚೆ, ಬಾಗಿಲ ಕಡೆಯ ಅರ್ಧ ನಮ್ಮದು. ನಮಗೆ ಬರಿಯ ನೆಲ. ಕಾರಣ ಕೇಳಿದ್ದಕ್ಕೆ ಮೇಷ್ಟ್ರು, "ನೀರು ತರೋರು, ಕಸ ಗುಡಿಸೋರು, ಎದ್ದು ಓಡಾಡೋರು ನೀವೇ ತಾನೆ? ಬಾಗಿಲ ಹತ್ತಿರ ಇದ್ದರೆ ನಿಮಗೇ ಅನುಕೂಲ" ಎಂದಿದ್ದರು. ನಮ್ಮ ಅನುಕೂಲದ ಬಗ್ಗೆ ಅವರು ಯೋಚಿಸಿದ್ದು ಅದೊಂದೇ ಸಲ.

ಈಗ ಶನಿವಾರದ ಪದ್ಧತಿಯನ್ನು ಕೇಳಿ. ಶನಿವಾರ ಬೆಳಗಿನ ಶಾಲೆ. ಆ ದಿನ ಹೆಣ್ಣುಮಕ್ಕಳು ಪುಸ್ತಕದ ಚೀಲದ ಜೊತೆಗೆ ಮನೆಯ ಕೊಟ್ಟಿಗೆಯಿಂದ ಸಗಣಿಯನ್ನೂ ತರಬೇಕು. ಬಾವಿಯಿಂದ ನೀರು ಸೇದಬೇಕು. ಹಜಾರವನ್ನು ಗುಡಿಸಿ, ನೀರು ಚಿಮುಕಿಸಿ, ಸಗಣಿಗೆ ಇದ್ದಿಲಿನ ಪುಡಿ ಕಲಸಿ, ಮಂಡಿಯೂರಿ ಕುಳಿತು, ಅಂಗೈಯಿಂದ ಅರ್ಧಚಂದ್ರ ಬಳಿಯುತ್ತ ಇಡೀ ನೆಲವನ್ನು ಸಾರಿಸಬೇಕು. ಚಳಿಗಾಲದಲ್ಲಿ ಆ ನೀರು ಬೆರಳ ಸಂದುಗಳನ್ನು ಕಚ್ಚುತ್ತಿತ್ತು. ಒಡೆದ ಅಂಗೈಯ ಬಿರುಕುಗಳಿಗೆ ಇದ್ದಿಲು ಸೇರಿಕೊಂಡು, ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಸೋಮವಾರದವರೆಗೂ ಹೋಗುತ್ತಿರಲಿಲ್ಲ.

ಅಷ್ಟು ಹೊತ್ತು ಗಂಡುಹುಡುಗರು ಎಲ್ಲಿರುತ್ತಿದ್ದರು? ಅಂಗಳದ ಹೊಂಗೆಮರದ ನೆರಳಿನಲ್ಲಿ. ಕಪ್ಪುಹಲಗೆಯನ್ನು ಹೊರಗೆ ಹೊತ್ತು ತಂದು ಮರದ ಬುಡಕ್ಕೆ ಒರಗಿಸಿ, ಮೇಷ್ಟ್ರು ಅವರಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ವಾರದ ಹೊಸ ಲೆಕ್ಕವೆಲ್ಲ ಶನಿವಾರವೇ. ನಮಗೆ ಕೈಯಲ್ಲಿ ಸಗಣಿ, ಕಿವಿಯಲ್ಲಿ ಮಾತ್ರ ಲೆಕ್ಕ; ಅದೂ ಗಾಳಿ ನಮ್ಮ ಕಡೆಗೆ ಬೀಸಿದರೆ. ಸೋಮವಾರ ಅದೇ ಮೇಷ್ಟ್ರು ನಮ್ಮನ್ನು ಎಬ್ಬಿಸಿ ನಿಲ್ಲಿಸಿ ಅದೇ ಲೆಕ್ಕ ಕೇಳುತ್ತಿದ್ದರು. ನಾವು ಬಾಯಿ ಬಿಡದೆ ನಿಂತರೆ, "ಹೆಣ್ಣುಮಕ್ಕಳ ತಲೆಗೆ ಲೆಕ್ಕ ಹತ್ತೋದಿಲ್ಲ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಒಳ ಅರ್ಧದಿಂದ ನಗು ಕೇಳುತ್ತಿತ್ತು. ಆ ನಗುವಿನಲ್ಲಿ ಎಲ್ಲಕ್ಕಿಂತ ಜೋರಾದದ್ದು ಪಟೇಲರ ಮಗನದು. ಶಾಲೆಯ ಗಂಟೆ ಹೊಡೆಯುವ ಅಧಿಕಾರ ಅವನಿಗಿತ್ತು. ಅದು ಅವನಿಗೆ ಹೇಗೆ ಬಂತೆಂದು ಯಾರೂ ಕೇಳಿರಲಿಲ್ಲ.

ಏಳನೆಯ ತರಗತಿಗೆ ಆಗ ಪಬ್ಲಿಕ್ ಪರೀಕ್ಷೆ ಇತ್ತು. ಅದರಲ್ಲಿ ಪಾಸಾದವರಿಗೆ ಮಾತ್ರ ಹೈಸ್ಕೂಲು. ಅಕ್ಕ ಓದಿನಲ್ಲಿ ಚುರುಕು. ಪದ್ಯಗಳನ್ನು ಒಮ್ಮೆ ಕೇಳಿದರೆ ಒಪ್ಪಿಸುತ್ತಿದ್ದಳು, ನಕ್ಷೆಯಲ್ಲಿ ನದಿಗಳನ್ನು ಕಣ್ಣು ಮುಚ್ಚಿ ಎಳೆಯುತ್ತಿದ್ದಳು. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಬಿದ್ದುಹೋದಳು. ಬೀಳದೆ ಇನ್ನೇನಾಗಬೇಕಿತ್ತು?

ರಾಗಿ ಕೊಯ್ಲು ಮುಗಿಯುತ್ತಿದ್ದ ಚಳಿಯ ದಿನಗಳವು. ಒಂದು ಶುಕ್ರವಾರ ಮೇಷ್ಟ್ರು, ಮಾರನೆಯ ದಿನ ಶಾಲೆಯ ತನಿಖೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆಂದು ಹೇಳಿದರು. ಹೆಣ್ಣುಮಕ್ಕಳು ನಸುಕಿನಲ್ಲೇ ಬಂದು ನೆಲ ಸಾರಿಸಿ, ರಂಗೋಲಿ ಬಿಟ್ಟು, ಚೆಂಡುಹೂವಿನ ಹಾರ ಕಟ್ಟಬೇಕು. ಗಂಡುಹುಡುಗರು ಸಾಹೇಬರು ಕೇಳಬಹುದಾದ ಲೆಕ್ಕಗಳನ್ನು ಅಭ್ಯಾಸ ಮಾಡಬೇಕು. ಅದಕ್ಕಾಗಿ ಮೇಷ್ಟ್ರು ಅಂದು ಸಂಜೆಯೇ ಕಪ್ಪುಹಲಗೆಯ ತುಂಬ ಕಾಲ ಮತ್ತು ಕೆಲಸದ ಮಾದರಿ ಲೆಕ್ಕಗಳನ್ನು ಬಿಡಿಸಿಟ್ಟರು.

ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದರು. ಅಪ್ಪ ಜಗಲಿಯ ಮೇಲೆ ಬೇಯಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದರು. ಅವ್ವ ತಂದುಕೊಟ್ಟ ಕಾಫಿ ಕುಡಿದ ಮೇಲೆ ಮೇಷ್ಟ್ರು ಹೇಳಿದರು: "ಗೌಡ್ರೇ, ನಿಮ್ಮ ದೊಡ್ಡ ಹುಡುಗಿಗೆ ಲೆಕ್ಕ ಹತ್ತೋದಿಲ್ಲ. ಪಬ್ಲಿಕ್ ಪರೀಕ್ಷೇಲಿ ಫೇಲಾದರೆ ಶಾಲೆಗೂ ಕೆಟ್ಟ ಹೆಸರು, ನಿಮಗೂ ನಾಚಿಕೆ. ಈಗಲೇ ಬಿಡಿಸಿಬಿಡಿ, ಮರ್ಯಾದೆಯಾಗಿ ಮುಗಿದುಹೋಗುತ್ತೆ."

ಅಪ್ಪ ಕೈಯಲ್ಲಿದ್ದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ ಗುಡ್ಡೆಗೆ ಹಾಕಿದರು. "ಸರಿ ಬುಡಿ ಮೇಷ್ಟ್ರೇ. ನಾಳೆ ಒಂದಿನ ಓಗ್ಬರ್ಲಿ. ಸೋಮವಾರದಿಂದ ಇಲ್ಲೇ ಸೊಪ್ ವಿಂಗಡ್ಸೋಕೆ ಕೂತ್ಕತಾಳೆ."

ಬಾಗಿಲ ಮರೆಯಿಂದ ಅವ್ವ ಮೆಲ್ಲಗೆ, "ಅವಳ್ನೂ ಒಂದ್ ಮಾತ್ ಕೇಳ್ಬಾರ್ದಾ?" ಎಂದಳು.

"ಕೇಳೋದೇನೈತೆ ಅದ್ರಲ್ಲಿ?" ಎಂದರು ಅಪ್ಪ.

ಅಕ್ಕ ಒಳಗೆ ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲಿನ ಸದ್ದು ಆ ಮಾತಿಗೆ ಒಮ್ಮೆ ನಿಂತಿತು. ಮತ್ತೆ ಶುರುವಾದಾಗ ಮೊದಲಿಗಿಂತ ಜೋರಾಗಿತ್ತು. ಅವಳು ಅಳಲಿಲ್ಲ. ನನಗೆ ಅಳು ಬಂದಿತ್ತು. ಅವಳು ನನ್ನ ಕಡೆ ನೋಡಿ, "ಸುಮ್ಕಿರು, ಬೆಳಿಗ್ಗೆ ಬಿರ್ನೆ ಏಳ್ಬೇಕು" ಎಂದಷ್ಟೇ ಹೇಳಿದಳು.

ಶನಿವಾರ ನಾವು ಶಾಲೆ ಸೇರುವ ಹೊತ್ತಿಗೆ ಬೆಟ್ಟದ ನೆತ್ತಿಯ ಮೇಲೆ ಮಂಜು ಇನ್ನೂ ಕೂತೇ ಇತ್ತು. ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಮಂಕರಿ ಹೊತ್ತು ಬಂದರು. ಕಾಡಂಚಿನ ಹಾಡಿಯಿಂದ, ಅಂದರೆ ಕಾಡಿನ ಜನರ ಗುಡಿಸಲುಗಳಿಂದ, ಬರುತ್ತಿದ್ದ ಹುಡುಗಿಯೂ ಬಂದಳು. ಅವಳು ಅಕ್ಕನ ತರಗತಿಯವಳು, ಅಕ್ಕನ ಜೀವದ ಗೆಳತಿ. ಅವಳಿಗೆ ಒಳಗಿನ ನೆಲ ಸಾರಿಸುವ ಕೆಲಸವನ್ನೂ ಕೊಡುತ್ತಿರಲಿಲ್ಲ. ಅಂಗಳದ ಕಸ ಗುಡಿಸುವುದಷ್ಟೇ ಅವಳ ಪಾಲು. ಪಾಠದ ಹೊತ್ತಿಗೆ ಹೊಸಿಲ ಬಳಿ ಒಬ್ಬಳೇ ಕೂರಬೇಕಿತ್ತು. ಇದನ್ನೂ ನಾನು ಮರೆತಿಲ್ಲ.

ನೆಲ ಸಾರಿಸುವುದಕ್ಕೊಂದು ಕ್ರಮವಿದೆ. ಬಾಗಿಲಿಗೆ ದೂರದ ಗೋಡೆಯಿಂದ ಶುರುಮಾಡಬೇಕು. ಗೋಡೆಗೆ ಮುಖ ಮಾಡಿ, ಬಳಿಯುತ್ತ ಬಳಿಯುತ್ತ ಹಿಂದಕ್ಕೆ ಸರಿದು, ಕೊನೆಗೆ ಬಾಗಿಲಿನಿಂದ ಹೊರಗೆ ಬೀಳಬೇಕು. ಹಸಿ ನೆಲವನ್ನು ತುಳಿಯುವಂತಿಲ್ಲ. ಇದನ್ನು ನಮಗೆ ಯಾರೂ ಪಾಠ ಮಾಡಿರಲಿಲ್ಲ. ನಡೆಯಲು ಕಲಿತಂತೆ ಕಲಿತಿದ್ದೆವು. ನಾನು ರೂಢಿಯಂತೆ ಮೇಷ್ಟ್ರ ಮೇಜಿನ ಹಿಂದಿನ ಗೋಡೆಯ ಕಡೆಗೆ ಹೊರಟೆ. ಅಕ್ಕ ನನ್ನ ಜಡೆ ಹಿಡಿದು ನಿಲ್ಲಿಸಿದಳು.

"ಅಲ್ಲಿಗ್ಯಾಕೆ ಓಗ್ತೀಯೆ? ಅಲ್ಲಿ ನೀ ಕೂರ್ತೀಯಾ?"

ಎಲ್ಲರೂ ಅವಳನ್ನೇ ನೋಡಿದರು. ಅವಳು ದಾವಣಿಯ ಸೆರಗನ್ನು ಸೊಂಟಕ್ಕೆ ಬಿಗಿದು ಎರಡು ಕಂಬಗಳ ನಡುವೆ ಮಂಡಿಯೂರಿದಳು. "ನಾವ್ ಕೂರೋ ಕಡೆ ನಾವ್ ಸಾರ್ಸನ. ಅವ್ರ್ ಕೂರೋ ಕಡೆ ಅವ್ರ್ ಸಾರಿಸ್ಕಳ್ಳಿ. ಆಮ್ಯಾಕೆ ಎಲ್ರೂ ಓಗಿ ಅಲಗೆ ಮುಂದೆ ಕೂತ್ಕಳದು. ನಂಗೆ ಇವತ್ತೊಂದೇ ದಿನ ಇರದು."

ಒಬ್ಬಳು, "ಮೇಷ್ಟ್ರು ಬೆತ್ತ ಮುರಿಯೋಗಂಟ ಒಡೀತಾರೆ ಕಣಕ್ಕ" ಎಂದಳು. ಹಾಡಿಯ ಹುಡುಗಿ ನಕ್ಕಳು: "ಒಡೀಲಿ ಬುಡು. ಸುಮ್ಕಿದ್ರೆ ಒಡ್ಯಾಕಿಲ್ವಾ?" ಅವಳ ಕೈಯನ್ನು ಅಕ್ಕ ಹಿಡಿದು ಒಳಗೆ ಎಳೆದುಕೊಂಡಳು. ಅಂದು ಅವಳೂ ನಮ್ಮ ಜೊತೆ ಒಳಗೇ ಸಾರಿಸಿದಳು.

ಕಂಬದಿಂದ ಕಂಬಕ್ಕೆ ಅಕ್ಕ ಬಳಿದ ಆ ಗೆರೆ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಈಚೆಗೆ ಕಪ್ಪು ಮಿರುಗುವ, ಹಸಿ ಹಸಿ ವಾಸನೆಯ, ಅಂಗೈ ಅಲೆಗಳ ನೆಲ. ಆಚೆಗೆ ವಾರವಿಡೀ ಕೆದರಿದ ಧೂಳು, ಕಡಲೆಕಾಯಿ ಸಿಪ್ಪೆ, ಬಳಪದ ಚೂರು, ಚಿಗಟ. ನಡುವೆ ನೂಲು ಹಿಡಿದಂಥ ಗೆರೆ. ಒಂದು ನೆಲ ಎರಡಾಗಿತ್ತು. ನಮ್ಮ ಅರ್ಧಕ್ಕೆ ರಂಗೋಲಿಯನ್ನೂ ಬಿಟ್ಟು, ಕೈ ತೊಳೆದು, ಕಪ್ಪುಹಲಗೆಯನ್ನು ನಾವೇ ಹೊತ್ತು ತಂದು ಹೊಂಗೆಮರಕ್ಕೆ ಒರಗಿಸಿ ಅದರ ಮುಂದೆ ಸಾಲಾಗಿ ಕೂತೆವು. ಹಲಗೆ ಎಷ್ಟು ಭಾರವೆಂದು ನನಗೆ ತಿಳಿದದ್ದು ಅಂದೇ. ನೀರಿನ ಕೊಡಕ್ಕಿಂತ ಹಗುರ.

ನಮ್ಮ ನೆಲ ಒಣಗಿ ಬಣ್ಣ ತಿಳಿಯಾಗುವ ಹೊತ್ತಿಗೆ ಗಂಡುಹುಡುಗರ ಹಿಂಡಿನೊಂದಿಗೆ ಮೇಷ್ಟ್ರು ಬಂದರು. ಒಗೆದ ಪಂಚೆ, ಕೋಟು. ಹಜಾರದೊಳಕ್ಕೆ ಹೋದವರು ಕೂಡಲೇ ಹೊರಗೆ ಬಂದರು. ಮುಖ ಕೆಂಪಾಗಿತ್ತು.

"ಏನ್ರೇ ಇದು, ಅರ್ಧ ನೆಲ?"

ಅಕ್ಕ ಎದ್ದು ನಿಂತಳು. "ನಾವ್ ಕೂರೋ ಕಡೆ ಸಾರ್ಸಿದೀವಿ ಸಾ. ಇವ್ರದು ಇವ್ರು ಸಾರಿಸ್ಕಳ್ಳಿ. ನಮ್ಗೂ ಲೆಕ್ಕ ಕಲೀಬೇಕು."

"ನೆಲ ಸಾರಿಸೋದು ಗಂಡುಮಕ್ಕಳ ಕೆಲಸವೇನೆ?"

"ಧೂಳು ಮಾಡದು ಅವ್ರ ಕೆಲ್ಸ ಸಾ."

ಮೇಷ್ಟ್ರು ಬೆತ್ತ ಎತ್ತಿದರು. ಅಕ್ಕ ಅಂಗೈ ಚಾಚಿದಳು. ಅವಳ ಪಕ್ಕದಲ್ಲಿದ್ದ ಹಾಡಿಯ ಹುಡುಗಿಯೂ ಚಾಚಿದಳು. ಅದನ್ನು ನೋಡಿ ನಾನು ಚಾಚಿದೆ. ನೋಡುತ್ತ ನೋಡುತ್ತ ಎಲ್ಲ ಹುಡುಗಿಯರೂ ಇದ್ದಿಲು ಕಚ್ಚಿದ ಅಂಗೈಗಳನ್ನು ಮುಂದೆ ಹಿಡಿದರು. ಅಷ್ಟು ಅಂಗೈಗಳಿಗೆ ಹೊಡೆಯುತ್ತ ಕೂರುವಷ್ಟು ಹೊತ್ತು ಮೇಷ್ಟ್ರಿಗಿರಲಿಲ್ಲ. ಸಾಹೇಬರು ಬಸ್ಸಿಳಿದು ನಡೆದು ಬರುತ್ತಿದ್ದಾರೆಂದು ಯಾರೋ ಆಗಲೇ ಕೂಗಿ ಹೇಳಿದ್ದರು. ಬೆತ್ತ ಕೆಳಗಿಳಿಯಿತು. ಮೇಷ್ಟ್ರು ಹುಡುಗರ ಕಡೆ ತಿರುಗಿ, "ಹೋಗ್ರೋ, ಬೇಗ ಸಾರಿಸಿಬಿಡ್ರೋ" ಎಂದರು.

ಪಟೇಲರ ಮಗ ಅಲ್ಲಾಡಲಿಲ್ಲ. "ನಾವ್ ಸಗಣಿ ಮುಟ್ಟದಾ ಸಾ? ಹೆಣ್ಮಕ್ಳಿಗೆ ಅಭ್ಯಾಸ ಅದೆ."

ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಹುಡುಗರೆಲ್ಲ ಬೇಸಾಯದ ಮನೆಯವರು. ದಿನ ಬೆಳಗಾದರೆ ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹೊತ್ತು ಹಾಕುವವರು. ತಿಪ್ಪೆಯಲ್ಲಿ ಅವರ ಕೈಗೆ ಹತ್ತದ ಮೈಲಿಗೆ ಶಾಲೆಯ ಹಜಾರದಲ್ಲಿ ಹತ್ತುತ್ತಿತ್ತು. ಸಗಣಿ ಅದೇ. ಮಂಡಿಯೂರಿ ಬಳಿಯುವ ಭಂಗಿ ಮಾತ್ರ ಬೇರೆ. ಅವರಿಗೆ ಅವಮಾನವೆನಿಸಿದ್ದು ಆ ಭಂಗಿ.

ಕೊನೆಗೆ ಬೇರೆ ದಾರಿಯಿಲ್ಲದೆ ಒಳಗೆ ಹೋದರು. ನಾವು ಉಳಿಸಿಟ್ಟಿದ್ದ ಸಗಣಿಗೆ ಕೊಡಗಟ್ಟಲೆ ನೀರು ಸುರಿದು ಗಂಜಿ ಮಾಡಿದರು. ಧೂಳನ್ನು ಗುಡಿಸಲೂ ಇಲ್ಲ. ಕಡಲೆಕಾಯಿ ಸಿಪ್ಪೆಯ ಮೇಲೆಯೇ ಬಳಿದರು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕಂಬದ ಗೆರೆಯಿಂದ ಶುರುಮಾಡಿ ಒಳಗೋಡೆಯ ಕಡೆಗೆ ಬಳಿಯುತ್ತ ಹೋದರು. ಬಾಗಿಲಿಂದ ಇಣುಕಿ ನೋಡುತ್ತಿದ್ದ ನಮಗೆ ಗೊತ್ತಾಯಿತು, ಹೇಳಲಿಲ್ಲ. ಹಾಡಿಯ ಹುಡುಗಿ ಬಾಯಿಗೆ ಲಂಗದ ಅಂಚು ತುರುಕಿಕೊಂಡಿದ್ದಳು. ಬಳಿದು ಬಳಿದು ಮೇಜನ್ನೂ ದಾಟಿ, ಎಲ್ಲರೂ ಗೋಡೆಗೆ ಒತ್ತಿಕೊಂಡು ನಿಂತ ಮೇಲೆಯೇ ಅವರಿಗೆ ಅರಿವಾದದ್ದು. ಮುಂದೆಲ್ಲ ಹಸಿ ನೆಲ, ಹಿಂದೆ ಗೋಡೆ, ಕಿಟಕಿಗೆ ಮರದ ಸರಳು.

"ಲೇ, ಈಗೆಂಗ್ಲಾ ಆಚಿಗ್ ಬರದು?" ಎಂದು ಒಬ್ಬ ಅಳುದನಿಯಲ್ಲಿ ಕೇಳಿದ.

"ಕಟ್ಟಾಕಿದ್ ಎಮ್ಮೆಕರಗೋಳ್ ಕಂಡಂಗ್ ಕಾಣ್ತಾವ್ರೆ ಕಣಕ್ಕ" ಎಂದಳು ಹಾಡಿಯ ಹುಡುಗಿ.

ನಾವು ನಕ್ಕೆವು. ಅಕ್ಕ ಮಾತ್ರ ನಗಲಿಲ್ಲ. ಅವಳು ನೋಡಲೂ ಬಂದಿರಲಿಲ್ಲ. ಹೊಂಗೆಮರದ ಕೆಳಗೆ ಕಪ್ಪುಹಲಗೆಯ ಮುಂದೆ ಕೂತು, ಮೇಷ್ಟ್ರು ಬಿಡಿಸಿಟ್ಟ ಲೆಕ್ಕಗಳನ್ನು ಸ್ಲೇಟಿನ ಮೇಲೆ ಬರೆದು, ಒರೆಸಿ, ಮತ್ತೆ ಬರೆಯುತ್ತಿದ್ದಳು. ತುಟಿಗಳು ಅಲುಗುತ್ತಿದ್ದವು. ಹೊಂಗೆಯ ಎಲೆಯೊಂದು ಜಡೆಯ ಮೇಲೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ಏಳು ವರ್ಷ ಓದಿದ ಶಾಲೆಯಲ್ಲಿ ಶನಿವಾರದ ಹಲಗೆ ಅವಳ ಮುಂದೆ ಇದ್ದದ್ದು ಅದೇ ಮೊದಲು.

ಸಾಹೇಬರು ಬಂದರು. ಅವರ ಹಿಂದೆ ಊರಿನ ನಾಲ್ಕಾರು ಹಿರಿಯರು. ಅವರ ನಡುವೆ ಅಪ್ಪ. ಎಲ್ಲರೂ ನಮ್ಮ ಒಣಗಿದ ಅರ್ಧದ ಮೇಲೆ, ರಂಗೋಲಿಯ ಪಕ್ಕದಲ್ಲಿ ನಿಂತು ಒಳಗೆ ನೋಡಿದರು. ಮೊಣಕೈವರೆಗೆ ಸಗಣಿ ಮೆತ್ತಿಕೊಂಡು ಗೋಡೆಗೆ ಅಂಟಿ ನಿಂತ ಗಂಡುಹುಡುಗರ ಸಾಲು ಕಂಡಿತು. ಸಾಹೇಬರು ನಗಲಿಲ್ಲ. ಅವರ ಮುಖ ಅರಳಿತು.

"ಭೇಷ್! ನೋಡಿದಿರಾ ಮೇಷ್ಟ್ರೇ, ಗಂಡುಮಕ್ಕಳು ಶ್ರಮದಾನ ಮಾಡಿದ್ದಾರೆ! ತಮ್ಮ ಶಾಲೆಯನ್ನು ತಾವೇ ಸಾರಿಸಿಕೊಂಡಿದ್ದಾರೆ! ಇಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ."

ಹುಡುಗರ ಬೆನ್ನು ತಟ್ಟಲು ಕೈ ಎಟುಕುವಂತಿರಲಿಲ್ಲ. ಆದ್ದರಿಂದ ಅವರು ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ತಟ್ಟಿದರು. ಊರ ಹಿರಿಯರೆಲ್ಲ ತಟ್ಟಿದರು. ಈಗಷ್ಟೇ ಅಳುಮುಖ ಮಾಡಿದ್ದ ಪಟೇಲರ ಮಗ ಎದೆ ಸೆಟೆಸಿ ನಿಂತ. ಗಂಜಿಯಂತೆ ಬಳಿದ, ಸಿಪ್ಪೆ ಎದ್ದು ನಿಂತ, ಜನ್ಮದಲ್ಲಿ ಒಂದೇ ಸಲ, ಅದೂ ಅರ್ಧವೇ ಸಾರಿಸಿದ ನೆಲಕ್ಕೆ ಆ ಚಪ್ಪಾಳೆ. ಸಾಹೇಬರು ಆ ಹೊತ್ತಿನಲ್ಲಿ ನಿಂತಿದ್ದದ್ದು ಯಾರು ಸಾರಿಸಿದ ನೆಲದ ಮೇಲೆ? ಅವರು ಕೆಳಗೆ ನೋಡಲೇ ಇಲ್ಲ. ಮಕ್ಕಳೇ, ನನಗೆ ಈ ವಯಸ್ಸಿನಲ್ಲೂ ಯಾವುದೋ ಸಭೆಯಲ್ಲಿ ಚಪ್ಪಾಳೆಯ ಸದ್ದು ಕೇಳಿದರೆ ಕಿವಿಯ ಹಿಂದೆ ಬಿಸಿಯಾಗುತ್ತದೆ.

ಚಪ್ಪಾಳೆ ನಿಲ್ಲುವುದರೊಳಗೆ ಅಕ್ಕ ಬಾಗಿಲಿಗೆ ಬಂದಿದ್ದಳು.

"ಸಾ, ಇವ್ರು ಸಾರ್ಸಿರದು ಇವತ್ತೇ ಮೊದಲ್ನೇ ಸಲ. ನಾವು ಪ್ರತಿ ಶನಿವಾರ ಸಾರಿಸ್ತೀವಿ. ನಮ್ಗ್ಯಾರೂ ಚಪ್ಪಾಳೆ ಒಡ್ದಿಲ್ಲ."

ಸಾಹೇಬರು ಕನ್ನಡಕ ಸರಿಪಡಿಸಿಕೊಂಡು, "ಬಾಯಿ ಜೋರಾಗಿದೆಯಲ್ಲ ಹುಡುಗಿ. ಓದಿನಲ್ಲಿ ಹೇಗೆ?" ಎಂದು ಮೇಷ್ಟ್ರನ್ನು ಕೇಳಿದರು.

"ಲೆಕ್ಕದಲ್ಲಿ ಸೊನ್ನೆ ಸ್ವಾಮಿ. ಸೋಮವಾರದಿಂದ ಬಿಡಿಸುತ್ತಿದ್ದಾರೆ."

"ನಂಗೊಂದು ಲೆಕ್ಕ ಕೊಡಿ ಸಾ" ಎಂದಳು ಅಕ್ಕ. ಅಪ್ಪ ಅವಳನ್ನು ಕಣ್ಣಿನಲ್ಲೇ ಗದರಿದರು. ಅವಳು ಅಪ್ಪನ ಕಡೆ ತಿರುಗಲಿಲ್ಲ.

ಸಾಹೇಬರು ಹೊರಗೆ ಬಂದು ಮರದ ಕೆಳಗಿನ ಹಲಗೆಯನ್ನು ಒರೆಸಿಸಿದರು. ನಿಂತಲ್ಲೇ ಒಂದು ಲೆಕ್ಕ ಹೇಳಿದರು. "ಒಂದು ಹೊಲದ ಕಳೆಯನ್ನು ನಾಲ್ಕು ಜನ ಗಂಡಸರು ಆರು ದಿನದಲ್ಲಿ ಕೀಳುತ್ತಾರೆ. ಇಬ್ಬರು ಹೆಂಗಸರ ಕೆಲಸ ಒಬ್ಬ ಗಂಡಸಿನ ಕೆಲಸಕ್ಕೆ ಸಮ. ಹಾಗಾದರೆ ಹನ್ನೆರಡು ಜನ ಹೆಂಗಸರು ಅದೇ ಹೊಲವನ್ನು ಎಷ್ಟು ದಿನದಲ್ಲಿ ಮುಗಿಸುತ್ತಾರೆ?"

ಅಕ್ಕನ ಬೆರಳಿನ ಬಿರುಕುಗಳಲ್ಲಿ ಇದ್ದಿಲು ಹಾಗೇ ಇತ್ತು. ಸೀಮೆಸುಣ್ಣ ಹಿಡಿದಾಗ ಅದಕ್ಕೂ ಕಪ್ಪು ಹತ್ತಿತು. ಅವಳು ಒಂದು ಸಾಲು ಬರೆದಳು, ಅಂಗೈಯಿಂದ ಅಳಿಸಿದಳು. ಒಳಗಿನಿಂದ ಪಟೇಲರ ಮಗ "ಹತ್ತಾಕಿಲ್ಲ ಬುಡಿ ಸಾ" ಎಂದದ್ದು ಕಿಟಕಿಯಿಂದ ಕೇಳಿಸಿತು. ಅವಳು ಮತ್ತೆ ಬರೆದಳು. ಹೆಂಗಸರನ್ನು ಗಂಡಸರನ್ನಾಗಿ ಮಾಡಿದಳು, ಒಟ್ಟು ಕೆಲಸ ಕಂಡುಹಿಡಿದಳು, ಭಾಗಿಸಿದಳು. ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದಳು. ಬೆಳಿಗ್ಗೆ ಕಂಬದಿಂದ ಕಂಬಕ್ಕೆ ಬಳಿದಂಥದೇ ಗೆರೆ.

"ನಾಕ್ ದಿನ ಸಾ." ಆಮೇಲೆ ಇನ್ನೂ ಸುಮ್ಮನಾಗದೆ, "ಆದ್ರೆ ನಮ್ಮೂರಲ್ಲಿ ಕಳೆ ಕೀಳದು ಹೆಂಗುಸ್ರೇ. ಗಂಡುಸ್ರು ಬದಿನ್ ಮ್ಯಾಲೆ ಬೀಡಿ ಸೇದ್ತಾ ಕೂತಿರ್ತಾರೆ. ಇಬ್ರು ಸೇರಿ ಒಬ್ರಿಗೆ ಸಮ ಅಂತ ಯಾರ್ ಅಳ್ದವ್ರು?" ಎಂದಳು.

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಸಾಹೇಬರು ಉತ್ತರವನ್ನು ಮತ್ತೊಮ್ಮೆ ನೋಡಿ, "ಸರಿಯಾಗಿದೆ. ಯಾವಾಗ ಕಲಿತೆ?" ಎಂದರು.

"ಇವತ್ತು ಬೆಳಿಗ್ಗೆ ಸಾ. ಇವ್ರು ಒಳ್ಗೆ ಸಾರಿಸ್ತಿದ್ರು, ನಾನ್ ಅಲಗೆ ಮುಂದೆ ಇದ್ದೆ."

ಸಾಹೇಬರು ಮೇಷ್ಟ್ರ ಕಡೆ ತಿರುಗಿ, ಲೆಕ್ಕವನ್ನು ಯಾವ ಹೊತ್ತಿನಲ್ಲಿ ಹೇಳಿಕೊಡುತ್ತೀರಿ ಎಂದು ಕೇಳಿದರು. ಮೇಷ್ಟ್ರು ಪಂಚೆಯ ಅಂಚು ನೋಡಿಕೊಂಡು "ಶನಿವಾರ" ಎಂದರು. "ನೋಡಿಕೊಳ್ಳಿ, ಮುಂದೆ ಎಲ್ಲರೂ ಕೂತಿರುವಾಗ ತೆಗೆದುಕೊಳ್ಳಿ" ಎಂದರು ಸಾಹೇಬರು. ಅಷ್ಟೇ. ತಪ್ಪಾಯಿತೆಂದು ನಮಗೆ ಯಾರೂ ಹೇಳಲಿಲ್ಲ. ನಾವು ಕಟ್ಟಿದ ಚೆಂಡುಹೂವಿನ ಹಾರ ಹಾಕಿಸಿಕೊಂಡು ಸಾಹೇಬರು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಮುಂದೆ, ನಾವು ಹಿಂದೆ. ಹುಣಸೆತೋಪು ದಾಟಿದೆವು. ಆಮೇಲೆ ಅಪ್ಪ ತಿರುಗದೆಯೇ, "ಲೆಕ್ಕ ಯೋಳ್ಕೊಟ್ಟೇ ಇಲ್ಲ ಅಂತ ನಂಗ್ಯಾಕ್ ಯೋಳ್ನಿಲ್ಲ?" ಎಂದರು.

"ನೀನ್ ಕೇಳ್ನಿಲ್ಲ ಅಪ್ಪ" ಎಂದಳು ಅಕ್ಕ.

ಅಪ್ಪ ನಿಂತರು. ಒಂದು ಕ್ಷಣ ಬೆಟ್ಟದ ಕಡೆ ನೋಡಿದರು. ಮತ್ತೆ ನಡೆದರು. ಸೋಮವಾರ ಬೆಳಿಗ್ಗೆ ಹೊಗೆಸೊಪ್ಪಿನ ಗುಡ್ಡೆಯ ಮುಂದೆ ಅಪ್ಪ ಒಬ್ಬರೇ ಕೂತರು. ಅಕ್ಕ ಚೀಲ ಎತ್ತಿಕೊಂಡು ಹೊರಟಾಗ ತಡೆಯಲಿಲ್ಲ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ತಿಳಿಯಬೇಡಿ. ಅದೇ ಸೋಮ​ವಾರ ಸಾಹೇಬರ ಮುಂದೆ ಅಧಿಕಪ್ರಸಂಗ ಮಾಡಿದ್ದಕ್ಕೆ ಅಕ್ಕನ ಎರಡೂ ಅಂಗೈಗೆ ಬೆತ್ತದ ಏಟು ಬಿತ್ತು. ಹಾಡಿಯ ಹುಡುಗಿಯನ್ನು ಮತ್ತೆ ಹೊಸಿಲಿಗೆ ಕಳಿಸಿದರು. ಅಕ್ಕ ತನ್ನ ಸ್ಲೇಟು ಎತ್ತಿಕೊಂಡು ಹೋಗಿ ಹೊಸಿಲ ಬಳಿ ಅವಳ ಪಕ್ಕದಲ್ಲೇ ಕೂತಳು, ವರ್ಷ ಮುಗಿಯುವವರೆಗೂ. ಲೆಕ್ಕ ಮಾತ್ರ ಎಲ್ಲರಿಗೂ ಹೇಳಿಕೊಡಲೇಬೇಕಾಯಿತು. ನಾವು ನಮ್ಮ ಅರ್ಧವನ್ನಷ್ಟೇ ಸಾರಿಸುತ್ತಿದ್ದೆವು. ಒಳ ಅರ್ಧವನ್ನು ಹುಡುಗರು ಸಾರಿಸಿದರೆ? ಇಲ್ಲ. ಮುಂದಿನ ಶನಿವಾರವೇ ಪಟೇಲರು ತಮ್ಮ ಮನೆಯ ಹೆಣ್ಣಾಳನ್ನು ಕಳಿಸಿದರು. ಆಕೆ ಕಂಕುಳಲ್ಲಿದ್ದ ಕೂಸನ್ನು ಕಂಬದ ಬಳಿ ಮಲಗಿಸಿ ಹುಡುಗರ ನೆಲ ಸಾರಿಸಿ ಹೋಗುತ್ತಿದ್ದಳು.

ಅಕ್ಕ ಪಬ್ಲಿಕ್ ಪರೀಕ್ಷೆಯಲ್ಲಿ ಪಾಸಾದಳು. ಲೆಕ್ಕದಲ್ಲೂ ಪಾಸಾದಳು. ಅವಳ ಗೆಳತಿಯೂ ಪಾಸಾದಳು. ಆದರೆ ಹಾಡಿಯಿಂದ ಹೈಸ್ಕೂಲಿಗೆ ಅವಳನ್ನು ಕಳಿಸುವ ದಾರಿಯನ್ನು ಯಾರೂ ಹುಡುಕಲಿಲ್ಲ. ಅಕ್ಕ ಹೈಸ್ಕೂಲಿಗೆ ಹೊರಟ ದಿನ ಮೇಷ್ಟ್ರು ಊರ ಮುಂದೆ ಅಪ್ಪನನ್ನು ಕಂಡು, "ಈ ಹುಡುಗಿಯನ್ನು ನಾನೇ ತಯಾರು ಮಾಡಿದ್ದು ಗೌಡ್ರೇ" ಎಂದರು. ನಾನು ಅಲ್ಲೇ ಅಪ್ಪನ ಕೈ ಹಿಡಿದು ನಿಂತಿದ್ದೆ. ಕೇಳಿಸಿಕೊಂಡೆ. ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ನಿಮ್ಮ ಶಾಲೆಯ ನೆಲ ಹಾಗಲ್ಲ. ಹೊಳೆಯುವ ಟೈಲ್ಸು, ಒರೆಸಲು ಸಂಬಳದ ಜನ. ಹುಡುಗ ಹುಡುಗಿ ಒಂದೇ ಬೆಂಚಿನಲ್ಲಿ ಕೂರುತ್ತೀರಿ. ಲೆಕ್ಕದ ಹೊತ್ತಿನಲ್ಲಿ ಯಾರನ್ನೂ ಹೊರಗೆ ಕಳಿಸುವುದಿಲ್ಲ. ಅಕ್ಕ, ಅಂದರೆ ನಿಮ್ಮ ದೊಡ್ಡಜ್ಜಿ, ಈಗಲೂ ಫೋನಿನಲ್ಲಿ ನಿಮಗೆ ಲೆಕ್ಕ ಹಾಕುತ್ತಾಳೆ, ತಪ್ಪಿದರೆ ಬಯ್ಯುತ್ತಾಳೆ. ಇದೆಲ್ಲ ನೋಡಿ ನನಗೆ ಸಂತೋಷವಿಲ್ಲವೆಂದಲ್ಲ.

ಆದರೆ ಇವತ್ತು ಮಧ್ಯಾಹ್ನ ಊಟವಾದ ಮೇಲೆ ನಿಮ್ಮಲ್ಲಿ ಒಬ್ಬನು ತಟ್ಟೆಯನ್ನು ಇದ್ದಲ್ಲೇ ಬಿಟ್ಟು ಕ್ರಿಕೆಟ್ ಬ್ಯಾಟು ಹಿಡಿದು ಹೊರಟ. ನಾಳೆ ಗಣಿತದ ಪರೀಕ್ಷೆ ಇರುವ ಒಬ್ಬಳು, ಪುಸ್ತಕ ಮಗುಚಿಟ್ಟು, ಆ ತಟ್ಟೆಗೆ ಕೈ ಚಾಚಿದಳು. ಯಾಕೆಂದು ನಾನು ಕೇಳಿದ್ದಕ್ಕೆ ಅವನು ಬಾಗಿಲಲ್ಲಿ ನಿಂತು ಹೇಳಿದ: "ಅವಳಿಗೆ ಅಭ್ಯಾಸ ಇದೆ ಅಜ್ಜಿ."

ಈ ಮಾತನ್ನು ನಾನು ಹಿಂದೊಮ್ಮೆ, ಹೊಂಗೆಮರದ ಕೆಳಗೆ, ಕೇಳಿದ್ದೆ. ಆದ್ದರಿಂದ ಅವಳನ್ನು ಪುಸ್ತಕದ ಮುಂದೆ ಕೂರಿಸಿ ಇದನ್ನು ಹೇಳಲು ಶುರುಮಾಡಿದೆ. ತಟ್ಟೆ ಅಲ್ಲೇ ಇದೆ. ಯಾರಿಗೂ ಎತ್ತಲು ಬಿಟ್ಟಿಲ್ಲ. ಅನ್ನದ ಅಗುಳು ಒಣಗಿ ಅಂಟಿಕೊಂಡಿದೆ. ಉಜ್ಜುವುದು ಸ್ವಲ್ಪ ಕಷ್ಟವಾದೀತು. ಅದು ಯಾರದೆಂದು ಅವನಿಗೆ ಗೊತ್ತಿದೆ. ನಾನು ಇಲ್ಲೇ ಕೂತಿರುತ್ತೇನೆ.